ಈಶ್ವರಾನುಮಾನ

ಜಗತ್ತೆಂಬ ಕಾರ್ಯವನ್ನು ಕಂಡು ಅದಕ್ಕೊಬ್ಬ ಕರ್ತೃ ಇರಲೇಬೇಕೆಂದು ತರ್ಕದಿಂದ ನಿರ್ಣಯಿಸುವ ಕ್ರಮಕ್ಕೆ ಭಾರತೀಯ ದರ್ಶನಗಳಲ್ಲಿ ಈಶ್ವರಾನುಮಾನವೆಂದು ಹೆಸರು. ಇದು ಮುಖ್ಯವಾಗಿ ನ್ಯಾಯ-ವೈಶೇಷಿಕರ ವಾದ. ಹದಿನಾಲ್ಕನೆಯ ಶತಮಾನದ ಗಂಗೇಶನ ತತ್ತ್ವಚಿಂತಾಮಣಿಯಲ್ಲಿ ಇದೇ ಹೆಸರಿನ ಪ್ರಕರಣವೊಂದಿದೆ. ಶಾಸ್ತ್ರದಲ್ಲಿ ಅನುಮಾನವೆಂದರೆ ಕಂಡದ್ದರ ಆಧಾರದಿಂದ ಕಾಣದ್ದನ್ನು ತಿಳಿಯುವುದು, ಹೊಗೆ ನೋಡಿ ಬೆಂಕಿಯನ್ನು ತಿಳಿದಂತೆ. ಆಡುಗನ್ನಡದಲ್ಲಿ ಅದೇ ಪದ ಸಂಶಯಕ್ಕೆ ನಿಂತಿದೆ. ಹಾಗಾಗಿ ಈಶ್ವರಾನುಮಾನ ಎಂದೊಡನೆ ಶಾಸ್ತ್ರ ಓದದ ಕನ್ನಡಿಗನಿಗೆ ‘ದೇವರ ಮೇಲೆ ಅನುಮಾನ’ ಎಂದೇ ಕೇಳಿಸೀತು. ಅದೂ ಪೂರಾ ತಪ್ಪಲ್ಲ. ಈ ವಾದವನ್ನು ಕಟ್ಟಿದವರಿಗಿಂತ ಕೆಡವಿದವರೇ ಹೆಚ್ಚು. ಕೆಡವಿದವರಲ್ಲಿ ದೇವರ ಪರಮಭಕ್ತರೂ ಇದ್ದಾರೆ.

ದೇವರನ್ನು ನಂಬಲು ಸಾಕ್ಷ್ಯ ಬೇಕೆ, ಯುಕ್ತಿ ಬೇಕೆ ಎಂಬ ಪ್ರಶ್ನೆಯನ್ನು ಇಂದು ಎತ್ತಿದರೆ ಆಸ್ತಿಕರೆಲ್ಲ ಒಂದು ಕಡೆಗೂ ವಿಚಾರವಾದಿಗಳೆಲ್ಲ ಇನ್ನೊಂದು ಕಡೆಗೂ ಸರಿದು ನಿಲ್ಲುತ್ತಾರೆ. ಈ ಚಿತ್ರವನ್ನೇ ಹಿಡಿದು ಹಳೆಯ ಗ್ರಂಥಗಳಿಗೆ ಹೋದರೆ ದಾರಿ ತಪ್ಪುತ್ತದೆ. ಅಲ್ಲಿ ಆಸ್ತಿಕನೆಂದರೆ ವೇದವನ್ನು ಒಪ್ಪುವವನು. ವೇದವನ್ನು ಪ್ರಾಣಕ್ಕಿಂತ ಹೆಚ್ಚಾಗಿ ಕಾಪಾಡಿದ ಮೀಮಾಂಸಕರಿಗೆ ಜಗತ್ಕರ್ತನಾದ ಈಶ್ವರ ಬೇಕಿರಲಿಲ್ಲ. ಈಶ್ವರನೇ ಸರ್ವಸ್ವವೆಂದ ರಾಮಾನುಜರಿಗೆ ಅವನನ್ನು ಸಾಧಿಸುವ ತರ್ಕ ಬೇಕಿರಲಿಲ್ಲ.

ಪ್ರಮಾಣಗಳು

ತಿಳಿವಳಿಕೆ ಯಾವ ಬಾಗಿಲಿನಿಂದ ಬರುತ್ತದೆ ಎಂಬುದು ಭಾರತೀಯ ದಾರ್ಶನಿಕರ ಮೊದಲ ಜಗಳ. ಆ ಬಾಗಿಲಿಗೆ ಪ್ರಮಾಣವೆಂದು ಹೆಸರು. ಚಾರ್ವಾಕರು ಪ್ರತ್ಯಕ್ಷವೊಂದನ್ನೇ ಒಪ್ಪಿದರು. ಬೌದ್ಧರು ಅದಕ್ಕೆ ಅನುಮಾನವನ್ನು ಸೇರಿಸಿದರು. ಸಾಂಖ್ಯರೂ ರಾಮಾನುಜ, ಮಧ್ವರ ಅನುಯಾಯಿಗಳೂ ಶಬ್ದವನ್ನು, ಎಂದರೆ ನಂಬತಕ್ಕ ಮಾತನ್ನು, ಕೂಡಿಸಿ ಮೂರೆಂದರು. ನೈಯಾಯಿಕರು ಉಪಮಾನವನ್ನು ಸೇರಿಸಿ ನಾಲ್ಕೆಂದರು. ಭಾಟ್ಟ ಮೀಮಾಂಸಕರ ಲೆಕ್ಕ ಆರು. ದೇವರ ವಿಷಯದಲ್ಲಿ ಯಾರು ಏನು ಹೇಳಿದರೆಂಬುದು ಬಹುಮಟ್ಟಿಗೆ ಈ ಲೆಕ್ಕದಲ್ಲೇ ತೀರ್ಮಾನವಾಗಿಬಿಡುತ್ತದೆ. ಪ್ರತ್ಯಕ್ಷವನ್ನು ಬಿಟ್ಟು ಬೇರೆ ಬಾಗಿಲೇ ಇಲ್ಲವೆಂದವನ ಮನೆಗೆ ಕಣ್ಣಿಗೆ ಕಾಣದವನು ಬರುವುದೆಂತು?

ಚಾರ್ವಾಕರ ಈ ನಿಲುವಿಗೆ ಮಿಥಿಲೆಯ ನೈಯಾಯಿಕ ಉದಯನಾಚಾರ್ಯ (ಸು. ಹತ್ತು-ಹನ್ನೊಂದನೆಯ ಶತಮಾನ) ಕೊಟ್ಟ ಉತ್ತರ ಪ್ರಸಿದ್ಧ. ಕಾಣದ್ದೆಲ್ಲ ಇಲ್ಲವೆನ್ನುವುದಾದರೆ, ಮನೆಯಿಂದ ಹೊರಗೆ ಹೋದ ಚಾರ್ವಾಕ ಹೆಂಡತಿ ಮಕ್ಕಳು ಕಾಣದ ಕಾರಣ ಅವರೆಲ್ಲ ಇಲ್ಲವಾದರೆಂದು ಎದೆ ಬಡಿದುಕೊಂಡು ಅಳಬೇಕು, ಮನೆಗೆ ಮರಳುವ ಮಾತೇ ಇರದು. ಕಾಣಲು ಯೋಗ್ಯವಾದ ವಸ್ತು ಕಾಣದಿದ್ದರೆ ಮಾತ್ರ ಅದು ಇಲ್ಲವೆನ್ನಬಹುದು. ಮೇಜಿನ ಮೇಲೆ ಆನೆ ಕಾಣದಿದ್ದರೆ ಆನೆ ಇಲ್ಲ, ಪರಮಾಣು ಕಾಣದಿದ್ದರೆ ಪರಮಾಣು ಇಲ್ಲವೆನ್ನಲಾಗದು. ದೇವರು ಎರಡನೆಯ ಜಾತಿಗೆ ಸೇರಿದವನು ಎಂಬುದು ಉದಯನನ ವಾದ. ಇದರಿಂದ ದೇವರಿದ್ದಾನೆಂದು ಸಿದ್ಧವಾಗದು, ಇಲ್ಲವೆಂಬ ಒಂದು ವಾದ ಬಿದ್ದುಹೋಗುತ್ತದೆ ಅಷ್ಟೆ. ಇದ್ದಾನೆನ್ನಲು ಬೇರೆಯ ಕೆಲಸವೇ ಬೇಕು, ಅದನ್ನೂ ಅವನು ಬಿಡಲಿಲ್ಲ.

ಮಡಕೆ ಮತ್ತು ಕುಂಬಾರ

ವಾದದ ತಿರುಳು ಮೂರು ಮಾತಿನದು. ಭೂಮಿ, ಮೊಳಕೆ ಮೊದಲಾದವಕ್ಕೆ ಕರ್ತೃವಿದ್ದಾನೆ, ಏಕೆಂದರೆ ಅವು ಕಾರ್ಯಗಳು, ಮಡಕೆಯ ಹಾಗೆ. ಕರ್ತೃವೆಂದರೆ ಮೂಲದ್ರವ್ಯವನ್ನು ನೇರವಾಗಿ ಬಲ್ಲವನು, ಮಾಡಬೇಕೆಂಬ ಇಚ್ಛೆಯುಳ್ಳವನು, ಪ್ರಯತ್ನ ಮಾಡುವವನು. ಕುಂಬಾರನಿಗೆ ಮಣ್ಣು ಗೊತ್ತಿರಬೇಕು. ಜಗತ್ತಿನ ಮಣ್ಣು ಪರಮಾಣುಗಳು. ಜೊತೆಗೆ ಕೋಟ್ಯಂತರ ಜೀವಿಗಳ ಪುಣ್ಯಪಾಪಗಳ ಅದೃಷ್ಟ. ಇವನ್ನೆಲ್ಲ ನೇರವಾಗಿ ಬಲ್ಲವನು ಸರ್ವಜ್ಞನೇ ಆಗಿರಬೇಕು. ಗಮನಿಸಬೇಕಾದ ಸಂಗತಿಯೆಂದರೆ ನೈಯಾಯಿಕರ ಈಶ್ವರ ಪರಮಾಣುಗಳನ್ನು ಸೃಷ್ಟಿಸಿದವನಲ್ಲ. ಅವು ಅನಾದಿ, ಅವನೂ ಅನಾದಿ. ಇದ್ದದ್ದನ್ನು ಜೋಡಿಸುವ ನಿಮಿತ್ತಕಾರಣ ಅವನು, ನಿಜಕ್ಕೂ ಕುಂಬಾರನೇ.

ಗೌತಮನ ನ್ಯಾಯಸೂತ್ರಗಳಲ್ಲಿ ಈಶ್ವರನ ಪ್ರಸ್ತಾಪ ಬರಿಯ ಮೂರು ಸೂತ್ರಗಳಷ್ಟು. ವಾತ್ಸ್ಯಾಯನ, ಉದ್ಯೋತಕರ, ವಾಚಸ್ಪತಿ ಮಿಶ್ರ, ಕಾಶ್ಮೀರದ ಜಯಂತಭಟ್ಟ ಇವರ ಕೈಯಲ್ಲಿ ಅದು ಬೆಳೆದು ಉದಯನನ ನ್ಯಾಯಕುಸುಮಾಂಜಲಿಯಲ್ಲಿ ಐದು ಸ್ತಬಕಗಳ ಸ್ವತಂತ್ರ ಗ್ರಂಥವಾಯಿತು. ಐದನೆಯ ಸ್ತಬಕದಲ್ಲಿ ಉದಯನ ಹೇತುಗಳನ್ನು, ಎಂದರೆ ಅನುಮಾನಕ್ಕೆ ಆಧಾರವಾಗುವ ಕಾರಣಗಳನ್ನು, ಸಾಲಾಗಿ ಪೋಣಿಸುತ್ತಾನೆ: ಜಗತ್ತು ಕಾರ್ಯವಾಗಿರುವುದು, ಸೃಷ್ಟಿಯ ಆರಂಭದಲ್ಲಿ ಜಡ ಪರಮಾಣುಗಳು ಕೂಡಿಕೊಂಡದ್ದು, ಜಗತ್ತು ಬೀಳದೆ ನಿಂತಿರುವುದು, ಪದಗಳ ಬಳಕೆ ಹಿರಿಯರಿಂದ ಕಿರಿಯರಿಗೆ ಬಂದದ್ದು, ವೇದದ ಪ್ರಾಮಾಣ್ಯ, ಹೀಗೆ. ಸಾಲಿನ ಕೊನೆಯಲ್ಲಿ ಬರುವ ಸಂಖ್ಯೆಯ ಹೇತು ವಿಚಿತ್ರವಾದದ್ದು, ಈ ಲೇಖಕನಿಗೆ ಎಲ್ಲಕ್ಕಿಂತ ಹಿಡಿಸಿದ್ದು. ವೈಶೇಷಿಕರ ಮತದಲ್ಲಿ ಎರಡು ಪರಮಾಣು ಸೇರಿ ದ್ವ್ಯಣುಕವಾದಾಗ ಅದರ ಪರಿಮಾಣ ಹುಟ್ಟುವುದು ‘ಎರಡು’ ಎಂಬ ಸಂಖ್ಯೆಯಿಂದ. ಸಂಖ್ಯೆಯೋ, ಯಾರಾದರೂ ‘ಇದೊಂದು, ಇದೊಂದು’ ಎಂದು ಎಣಿಸಿದಾಗಲೇ ಹುಟ್ಟುವಂಥದ್ದು. ಸೃಷ್ಟಿಯ ಮೊದಲ ಗಳಿಗೆಯಲ್ಲಿ ಎಣಿಸಲು ಇದ್ದವರು ಯಾರು? ದೇವರನ್ನು ಜಗತ್ತಿನ ಮೊದಲ ಶಾನುಭೋಗನನ್ನಾಗಿ ಕಂಡ ವಾದ ಬೇರೆಲ್ಲೂ ಇದ್ದಂತಿಲ್ಲ.

ಉದಯನನ ಬಗ್ಗೆ ಒಂದು ಐತಿಹ್ಯವಿದೆ. ಪುರಿಗೆ ಹೋದಾಗ ಜಗನ್ನಾಥನ ಗುಡಿಯ ಬಾಗಿಲು ಮುಚ್ಚಿತ್ತಂತೆ. ಐಶ್ವರ್ಯದ ಮದದಲ್ಲಿ ನನ್ನನ್ನು ಕಡೆಗಣಿಸುತ್ತೀಯೆ, ನಾಳೆ ಬೌದ್ಧರು ಬಂದರೆ ನಿನ್ನ ಇರವು ನನ್ನ ಕೈಯಲ್ಲಿದೆ ಎಂದು ಅವನು ಹೊರಗೆ ನಿಂತೇ ಗದರಿದನಂತೆ. ಕಥೆ ನಿಜವೋ ಸುಳ್ಳೋ, ತರ್ಕಪಂಡಿತರ ಸೊಕ್ಕಿನ ಬಗ್ಗೆ ಜನರಿಗಿದ್ದ ಅಭಿಪ್ರಾಯ ಅದರಲ್ಲಿದೆ. ಗ್ರಂಥದ ಆರಂಭದಲ್ಲಿ ಕಾಣುವ ಉದಯನ ಮಾತ್ರ ಬೇರೆಯವನು. ಒಬ್ಬೊಬ್ಬರೂ ಒಂದೊಂದು ಹೆಸರಿನಿಂದ ಯಾರನ್ನು ಪೂಜಿಸುತ್ತಾರೋ, ಶಿಲ್ಪಿಗಳೂ ವಿಶ್ವಕರ್ಮನೆಂದು ಯಾರಿಗೆ ಕೈಮುಗಿಯುತ್ತಾರೋ ಅವನ ವಿಷಯದಲ್ಲಿ ಸಂಶಯವೇ ಎಲ್ಲಿದೆ ಎಂದು ತಾನೇ ಕೇಳಿ, ಆದರೂ ಶ್ರವಣದ ನಂತರ ಬರುವ ಮನನವೆಂಬ ಉಪಾಸನೆಯಾಗಿ ಈ ವಿಚಾರವನ್ನು ಮಾಡುತ್ತಿದ್ದೇನೆ ಎನ್ನುತ್ತಾನೆ. ಗ್ರಂಥದ ಹೆಸರೇ ಹೂವಿನ ಬೊಗಸೆ. ಈಶ್ವರನನ್ನು ಸಾಧಿಸಿದವರಲ್ಲಿ ಅಗ್ರಗಣ್ಯನಾದ ಇವನಿಗೂ ಸಾಧನೆ ನಂಬಿಕೆಯ ತಾಯಿಬೇರಾಗಿರಲಿಲ್ಲ.

ಹುತ್ತದ ಆಕ್ಷೇಪ

ಏಳನೆಯ ಶತಮಾನದ ಬೌದ್ಧ ತಾರ್ಕಿಕ ಧರ್ಮಕೀರ್ತಿ ಈ ವಾದದ ನರವನ್ನೇ ಹಿಡಿದ. ಮಡಕೆಯನ್ನು ಕಂಡರೆ ಕುಂಬಾರನನ್ನು ಊಹಿಸುತ್ತೇವೆ, ಏಕೆಂದರೆ ಕುಂಬಾರ ಮಡಕೆ ಮಾಡುವುದನ್ನು ಕಂಡಿದ್ದೇವೆ. ಬೆಟ್ಟವೂ ಒಂದು ‘ರಚನೆ’, ಮಡಕೆಯೂ ಒಂದು ‘ರಚನೆ’ ಎಂಬ ಹೋಲಿಕೆ ಬರಿಯ ಪದದ್ದು. ಮಣ್ಣಿನ ವಿಕಾರವಾದ ಮಾತ್ರಕ್ಕೆ ಕುಂಬಾರ ಮಾಡಿದ್ದೆನ್ನುವುದಾದರೆ ಹುತ್ತವನ್ನೂ ಅವನೇ ಮಾಡಿರಬೇಕು. ಇದರ ಜೊತೆಗೆ ಇನ್ನೊಂದು ಪೆಟ್ಟು: ಎಂದೂ ಬದಲಾಗದ ನಿತ್ಯವಸ್ತು ಒಂದು ಗಳಿಗೆ ಸೃಷ್ಟಿಸಿ ಇನ್ನೊಂದು ಗಳಿಗೆ ಸುಮ್ಮನಿರುವುದು ಹೇಗೆ? ಶಾಂತರಕ್ಷಿತ ಎಂಟನೆಯ ಶತಮಾನದಲ್ಲಿ, ವಿಕ್ರಮಶಿಲೆಯ ರತ್ನಕೀರ್ತಿ ಹನ್ನೊಂದನೆಯದರಲ್ಲಿ ಇದೇ ದಾರಿಯನ್ನು ಮುಂದುವರಿಸಿದರು.

ಜಗಳ ಹೆಚ್ಚು ಬಿಸಿಯೇರಿದ್ದು ಮೊಳಕೆಯ ಮೇಲೆ. ಕಾಡಿನಲ್ಲಿ ಯಾರೂ ಬಿತ್ತದೆ ಎದ್ದ ಸಸಿ ಕಾರ್ಯವೇನೋ ಹೌದು, ಕರ್ತೃ ಮಾತ್ರ ಕಾಣುವುದಿಲ್ಲ. ಹಾಗಾದರೆ ‘ಕಾರ್ಯವೆಲ್ಲ ಕರ್ತೃವುಳ್ಳದ್ದು’ ಎಂಬ ವ್ಯಾಪ್ತಿ (ತಪ್ಪದ ನಿಯಮ) ಮುರಿಯಿತಲ್ಲ ಎಂದರು ಪ್ರತಿವಾದಿಗಳು. ಸಸಿಗೆ ಕರ್ತೃ ಇದ್ದಾನೋ ಇಲ್ಲವೋ ಎಂಬುದೇ ಈಗ ವಿಚಾರದಲ್ಲಿರುವ ವಿಷಯ, ಅದನ್ನೇ ಎದುರು ಸಾಕ್ಷಿಯಾಗಿ ತರುವಂತಿಲ್ಲ ಎಂದರು ನೈಯಾಯಿಕರು. ವಾದದ ನಿಯಮದಂತೆ ಈ ಉತ್ತರ ಸರಿ. ಆದರೆ ಇದೇ ಕತ್ತಿ ಎರಡೂ ಕಡೆ ಕೊಯ್ಯುತ್ತದೆ: ಮನುಷ್ಯ ಮಾಡದ ವಸ್ತುಗಳೆಲ್ಲ ವಿಚಾರದಲ್ಲೇ ಇದ್ದರೆ, ವ್ಯಾಪ್ತಿಗೆ ಉಳಿಯುವ ಆಧಾರ ಮಡಕೆ, ಬಟ್ಟೆ, ಮನೆಗಳಷ್ಟೇ. ಅವನ್ನೆಲ್ಲ ಮಾಡಿದವರಿಗೆ ಮೈ ಇತ್ತು. ‘ಶರೀರವುಳ್ಳವನಿಂದ ಹುಟ್ಟಿದ್ದು’ ಎಂಬ ಉಪಾಧಿ (ಮರೆಯಲ್ಲಿರುವ ಷರತ್ತು) ಹೇತುವಿಗೆ ಅಂಟಿಕೊಂಡೇ ಇದೆಯೆಂದು ಪ್ರತಿವಾದಿಗಳು ಹೇಳಿದ್ದು ಇದನ್ನೇ. ಶತಮಾನಗಳ ಕಾಲ ಎರಡೂ ಪಕ್ಷ ಇಲ್ಲೇ ನಿಂತವು.

ಮೀಮಾಂಸಕ ಕುಮಾರಿಲಭಟ್ಟ ತನ್ನ ಶ್ಲೋಕವಾರ್ತಿಕದಲ್ಲಿ ತರ್ಕಕ್ಕಿಂತ ಲೋಕದ ಪ್ರಶ್ನೆಗಳನ್ನು ಕೇಳಿದ. ಕರುಣೆಯಿಂದ ಸೃಷ್ಟಿಸಿದನೆಂದರೆ, ಸೃಷ್ಟಿಗೆ ಮುಂಚೆ ಕರುಣೆ ತೋರಲು ಯಾರಿದ್ದರು? ಕರುಣೆಯೇ ಕಾರಣವಾಗಿದ್ದರೆ ಬರಿಯ ಸುಖದ ಜಗತ್ತನ್ನೇ ಮಾಡಬಹುದಿತ್ತಲ್ಲ? ರಾಷ್ಟ್ರಕೂಟ ಅಮೋಘವರ್ಷನ ಗುರು ಜಿನಸೇನಾಚಾರ್ಯ ಒಂಬತ್ತನೆಯ ಶತಮಾನದಲ್ಲಿ ಇಂಥ ಪ್ರಶ್ನೆಗಳನ್ನು ಮಹಾಪುರಾಣದೊಳಕ್ಕೆ ತಂದ. ಪಂಪನ ಆದಿಪುರಾಣಕ್ಕೆ (941) ಆಕರವಾದದ್ದು ಈ ಕೃತಿಯ ಪೂರ್ವಭಾಗ. ಖಗೋಳಶಾಸ್ತ್ರಜ್ಞ ಕಾರ್ಲ್ ಸೇಗನ್ 1980ರಲ್ಲಿ ಪ್ರಕಟಿಸಿದ ಕಾಸ್ಮಾಸ್ ಗ್ರಂಥದ ಒಂದು ಅಧ್ಯಾಯದ ತಲೆಯಲ್ಲಿ ಜಿನಸೇನನ ಸೃಷ್ಟಿಕರ್ತಖಂಡನೆಯನ್ನು ಇಟ್ಟಿದ್ದಾನೆ. ಮಾನ್ಯಖೇಟದ ಅರಸನ ಗುರು ಅಮೆರಿಕದ ವಿಜ್ಞಾನಗ್ರಂಥಕ್ಕೆ ಹೀಗೆ ಪ್ರವೇಶಿಸಿದ.

ಸಾಂಖ್ಯಸೂತ್ರದ ಮಾತು ಇನ್ನೂ ಚಿಕ್ಕದು: ಈಶ್ವರ ಸಿದ್ಧನಾಗುವುದಿಲ್ಲ. ಹದಿನಾರನೆಯ ಶತಮಾನದ ವಿಜ್ಞಾನಭಿಕ್ಷು ಇದನ್ನು ವ್ಯಾಖ್ಯಾನಿಸುತ್ತ, ಇಲ್ಲವೆಂದು ಸೂತ್ರ ಹೇಳಿಲ್ಲ, ಸಿದ್ಧಪಡಿಸಲು ಬರುವುದಿಲ್ಲವೆಂದಷ್ಟೇ ಹೇಳಿದೆ ಎಂದ.

ಭಕ್ತರ ಖಂಡನೆ

ಈಶ್ವರ ತರ್ಕದಿಂದ ಸಿದ್ಧನಾಗುವನೇ ಎಂಬ ಪ್ರಶ್ನೆಯನ್ನು ವೇದಾಂತಿಗಳು ಬ್ರಹ್ಮಸೂತ್ರದ ಮೂರನೆಯ ಸೂತ್ರದಲ್ಲಿ ಎದುರಿಸಿದರು; ಬ್ರಹ್ಮ ತಿಳಿಯುವುದು ಶಾಸ್ತ್ರದಿಂದ ಎಂಬುದು ಅದರ ಪ್ರಸಿದ್ಧ ಅರ್ಥ. ಶಂಕರರು ತರ್ಕವನ್ನು ಶ್ರುತಿಯ ಸಹಾಯಕನನ್ನಾಗಿ ಇರಿಸಿಕೊಂಡರು. ಒಣ ತರ್ಕಕ್ಕೆ ನೆಲೆಯಿಲ್ಲ, ಒಬ್ಬ ಜಾಣ ಕಟ್ಟಿದ್ದನ್ನು ಅವನಿಗಿಂತ ಜಾಣನೊಬ್ಬ ಬಂದು ಬೀಳಿಸುತ್ತಾನೆ ಎಂಬುದು ಅವರು ಕೊಟ್ಟ ಕಾರಣ.

ರಾಮಾನುಜರು ಇಷ್ಟಕ್ಕೆ ನಿಲ್ಲಲಿಲ್ಲ. ಮೇಲುಕೋಟೆಯ ಪೂಜಾಕ್ರಮದೊಡನೆ ಹೆಸರು ಬೆಸೆದುಕೊಂಡಿರುವ ಈ ಆಚಾರ್ಯರು ಶ್ರೀಭಾಷ್ಯದಲ್ಲಿ ಅದೇ ಸೂತ್ರದ ಕೆಳಗೆ ಈಶ್ವರಾನುಮಾನವನ್ನು ಒಂದೊಂದು ಕೀಲು ಬಿಡಿಸಿ ಇಡುತ್ತಾರೆ. ಭೂಮಿ, ಸಮುದ್ರ ಎಲ್ಲ ಕಾರ್ಯವೆಂದೇ ಇಟ್ಟುಕೊಳ್ಳೋಣ. ಅವೆಲ್ಲ ಒಂದೇ ಕಾಲದಲ್ಲಿ ಒಬ್ಬನಿಂದಲೇ ಆದವೆಂಬುದಕ್ಕೆ ಆಧಾರವೇನು? ಗೋಪುರಗಳನ್ನೂ ಪ್ರಾಸಾದಗಳನ್ನೂ ಹಲವರು ಸೇರಿ ಕಟ್ಟುವುದನ್ನು ಕಾಣುತ್ತೇವೆ. ಪುಣ್ಯದ ಬಲದಿಂದ ಅಸಾಧಾರಣ ಶಕ್ತಿ ಪಡೆದ ಜೀವರೇ ಬೇರೆಬೇರೆ ಕಾಲದಲ್ಲಿ ಇವನ್ನು ಮಾಡಿರಬಾರದೇಕೆ? ಕರ್ತೃಗಳಿಗೆಲ್ಲ ಶರೀರ ಇರುವುದನ್ನು ಕಂಡಿರುವಾಗ ಇವನಿಗಷ್ಟೇ ಶರೀರವಿಲ್ಲವೆನ್ನುವುದು ಹೇಗೆ? ಓದುತ್ತ ಹೋದರೆ ಬೌದ್ಧ ಗ್ರಂಥವನ್ನೇ ಓದುತ್ತಿದ್ದೇವೆ ಎನಿಸಬೇಕು. ಆದರೆ ಇಲ್ಲಿ ಗುರಿ ಬೇರೆ. ಬೇರೆ ಪ್ರಮಾಣದಿಂದ ಸಿಗದ್ದನ್ನು ತಿಳಿಸಿದರಷ್ಟೇ ಶಾಸ್ತ್ರಕ್ಕೆ ಬೆಲೆ. ಈಶ್ವರ ತರ್ಕಕ್ಕೆ ಸಿಗುವವನಾದರೆ ವೇದಾಂತವಾಕ್ಯ ಗೊತ್ತಿದ್ದದ್ದನ್ನೇ ಮತ್ತೆ ಹೇಳಿದಂತಾಗುತ್ತದೆ. ತರ್ಕದಿಂದ ಸಿಕ್ಕುವವನಾದರೋ ಕುಂಬಾರನ ದೊಡ್ಡ ಪ್ರತಿ; ಉಪನಿಷತ್ತು ಹೇಳುವ ಅನಂತಕಲ್ಯಾಣಗುಣಗಳ ಪರಬ್ರಹ್ಮನಿಗೂ ಅವನಿಗೂ ಸಂಬಂಧವಿಲ್ಲ.

ಮನೆ, ಹಡಗು, ಊರು ಕಟ್ಟಲು ಹಲವರು ಬೇಕಿರುವಾಗ ಜಗತ್ತಿಗೆ ಒಬ್ಬನೇ ಏಕೆ ಎಂಬ ಇದೇ ಆಕ್ಷೇಪ ಸ್ಕಾಟ್ಲೆಂಡಿನ ಡೇವಿಡ್ ಹ್ಯೂಮನ ‘ಸ್ವಾಭಾವಿಕ ಧರ್ಮ’ ಕುರಿತ ಸಂವಾದಗಳಲ್ಲಿದೆ. ಅದು ಅಚ್ಚಾದದ್ದು ಅವನು ತೀರಿಕೊಂಡ ಮೂರು ವರ್ಷದ ಮೇಲೆ, 1779ರಲ್ಲಿ. ಆರು ಶತಮಾನಕ್ಕೂ ಹೆಚ್ಚಿನ ಅಂತರದಲ್ಲಿ ಒಂದೇ ಬಾಣವನ್ನು ಇಬ್ಬರು ಬಿಟ್ಟರು. ಒಬ್ಬನನ್ನು ಸಂದೇಹವಾದಿ ಎನ್ನುತ್ತೇವೆ, ಇನ್ನೊಬ್ಬರನ್ನು ಯತಿರಾಜ ಎನ್ನುತ್ತೇವೆ.

ಉಡುಪಿಯ ಮಧ್ವಾಚಾರ್ಯರೂ ಈ ವಿಷಯದಲ್ಲಿ ರಾಮಾನುಜರ ಜೊತೆಗೇ ಇದ್ದಾರೆ. ವಿಷ್ಣು ಸದಾಗಮಗಳಿಂದಷ್ಟೇ ತಿಳಿಯುವವನು. ಆಗಮದ ಬೆಂಬಲವಿಲ್ಲದ ಯುಕ್ತಿಯಿಂದ ಏನನ್ನು ಬೇಕಾದರೂ, ಅದರ ವಿರುದ್ಧವನ್ನೂ ಸಾಧಿಸಬಹುದು ಎಂಬುದು ವಿಷ್ಣುತತ್ತ್ವವಿನಿರ್ಣಯದ ನಿಲುವು. ಇಷ್ಟಾಗಿಯೂ ತರ್ಕದಲ್ಲಿ ಮಧ್ವಪರಂಪರೆಯಷ್ಟು ಪಳಗಿದ್ದು ವೇದಾಂತದಲ್ಲಿ ವಿರಳ: ಜಯತೀರ್ಥರ ನ್ಯಾಯಸುಧಾ, ವಿಜಯನಗರದ ವ್ಯಾಸತೀರ್ಥರ (ಮ. 1539) ತರ್ಕತಾಂಡವ ಇದಕ್ಕೆ ಸಾಕ್ಷಿ. ತರ್ಕವನ್ನು ಇವರು ದೂರವಿಟ್ಟರೆನ್ನುವುದು ಆಗದ ಮಾತು. ಅದರ ಕೈಗೆ ದೇವರನ್ನು ಒಪ್ಪಿಸಲಿಲ್ಲ ಅಷ್ಟೆ.

ಶಾಸ್ತ್ರವನ್ನೂ ತರ್ಕವನ್ನೂ ಎರಡನೆಯ ಸಾಲಿಗೆ ಸರಿಸಿದವರೂ ಇದ್ದಾರೆ. ಕಾಶ್ಮೀರದ ಉತ್ಪಲದೇವನಿಗೆ ಮಹೇಶ್ವರನೆಂದರೆ ತಿಳಿಯುವವನ ಆತ್ಮವೇ. ಅವನನ್ನು ಸಾಧಿಸುವುದಾಗಲಿ ಅಲ್ಲಗಳೆಯುವುದಾಗಲಿ ಅರ್ಥವಿಲ್ಲದ್ದು, ಗುರುತು ಹಿಡಿಯುವುದೊಂದೇ ಉಳಿದ ಕೆಲಸ. ಹನ್ನೆರಡನೆಯ ಶತಮಾನದ ಶರಣರು ಅನುಭವಕ್ಕಿಂತ ಬೇರೆಯಾದ ಅರ್ಥಕ್ಕೆ ‘ಅನುಭಾವ’ ಎಂಬ ಪದವನ್ನು ಕನ್ನಡದಲ್ಲಿ ನೆಲೆಗೊಳಿಸಿದರು. ಅನುಭಾವಿಗೆ ಸಾಕ್ಷಿ ಅವನ ನಡೆ. ನಡೆ ತಪ್ಪಿದರೆ ನುಡಿ ಎಷ್ಟೇ ಸಮರ್ಥವಾಗಿದ್ದರೂ ಬೀಳುತ್ತದೆ.

ಸ್ವತಃ, ಪರತಃ

ಇಷ್ಟೆಲ್ಲ ವಾದದ ತಳದಲ್ಲಿ ಇರುವುದು ದೇವರಿಗಿಂತ ಜ್ಞಾನವನ್ನು ಕುರಿತ ಒಂದು ಭಿನ್ನಾಭಿಪ್ರಾಯ. ಮೀಮಾಂಸಕರಿಗೂ ವೇದಾಂತಿಗಳಿಗೂ ಜ್ಞಾನ ಹುಟ್ಟುವಾಗಲೇ ಪ್ರಮಾಣ. ದೋಷ ಕಂಡುಬಂದರೆ ಮಾತ್ರ ಅದನ್ನು ಬಿಡಬೇಕು. ಇದು ಸ್ವತಃಪ್ರಾಮಾಣ್ಯ. ನೈಯಾಯಿಕರಿಗೆ ಪ್ರತಿಯೊಂದು ಜ್ಞಾನಕ್ಕೂ ಹೊರಗಿನಿಂದ ಸಮರ್ಥನೆ ಬೇಕು, ಅದು ಪರತಃಪ್ರಾಮಾಣ್ಯ. ಊರಿಗೆ ಬಂದ ಹೊಸಬನನ್ನು ಮೊದಲು ಮನೆಯೊಳಗೆ ಕೂರಿಸಿ ಆಮೇಲೆ ವಿಚಾರಿಸುವವರಿದ್ದಾರೆ, ಬಾಗಿಲಲ್ಲೇ ನಿಲ್ಲಿಸಿ ವಿಚಾರಿಸುವವರಿದ್ದಾರೆ. ನೈಯಾಯಿಕರ ಪ್ರಕಾರ ವೇದ ನಿಜವಾಗುವುದು ಅದನ್ನು ಹೇಳಿದವನು ಆಪ್ತನಾದ ಈಶ್ವರನಾದ್ದರಿಂದ. ಆ ಈಶ್ವರನನ್ನು ಮತ್ತೆ ವೇದದಿಂದಲೇ ಸಾಧಿಸಿದರೆ ಅನ್ಯೋನ್ಯಾಶ್ರಯ. ಆದ್ದರಿಂದ ಅವರಿಗೆ ಅನುಮಾನ ಬೇಕೇ ಬೇಕಾಯಿತು. ವೇದಕ್ಕೆ ಕರ್ತೃವೇ ಇಲ್ಲವೆಂದವರಿಗೆ ಆ ಗಂಟು ಬೀಳಲಿಲ್ಲ. ಅವರಿಗೆ ಬಿದ್ದ ಗಂಟು ಬೇರೆ. ಕರ್ತೃವಿಲ್ಲದ ವಾಕ್ಯವೆಂದರೇನು ಎಂಬ ಬೌದ್ಧ, ಜೈನರ ಪ್ರಶ್ನೆಗೆ ಅವರು ಕೊಟ್ಟ ಉತ್ತರಗಳು ಹೊರಗಿನವರನ್ನು ಒಪ್ಪಿಸಿದ್ದು ಕಡಮೆ.

ಪಶ್ಚಿಮದಲ್ಲಿ ನಡೆದ ಚರ್ಚೆಯನ್ನೂ ಈ ಜೋಡಿಪದ ಹಿಡಿದು ಓದಬಹುದು. ಗಣಿತಜ್ಞ ಡಬ್ಲ್ಯು. ಕೆ. ಕ್ಲಿಫರ್ಡ್ 1877ರ ಪ್ರಬಂಧದಲ್ಲಿ ಹಳೆಯ ಹಡಗನ್ನು ಪರೀಕ್ಷೆಯಿಲ್ಲದೆ ಕಡಲಿಗೆ ಬಿಟ್ಟ ಮಾಲೀಕನ ಕಥೆ ಹೇಳಿ, ಸಾಕಷ್ಟಿಲ್ಲದ ಆಧಾರದ ಮೇಲೆ ನಂಬುವುದು ನೀತಿಯ ದೃಷ್ಟಿಯಿಂದಲೇ ತಪ್ಪು ಎಂದ. ಇದು ಅಪ್ಪಟ ಪರತಃಪಕ್ಷ. ದಾರ್ಶನಿಕ ವಿಲಿಯಂ ಜೇಮ್ಸ್ 1896ರಲ್ಲಿ ಉತ್ತರಿಸುತ್ತ, ತೀರ್ಮಾನವನ್ನು ಮುಂದೂಡಲಾಗದ, ಆಧಾರ ಎರಡೂ ಕಡೆ ಸಾಲದ ಸಂದರ್ಭಗಳಲ್ಲಿ ಹೃದಯ ಆರಿಸಿಕೊಳ್ಳುವುದು ನ್ಯಾಯವೇ ಎಂದ. ನಮ್ಮ ಕಾಲದ ದಾರ್ಶನಿಕ ಆಲ್ವಿನ್ ಪ್ಲಾಂಟಿಂಗ 1983ರಲ್ಲಿ ದೇವರ ನಂಬಿಕೆ ಬೇರೆ ನಂಬಿಕೆಗಳ ಮೇಲೆ ನಿಲ್ಲಬೇಕಿಲ್ಲ, ನೆನಪಿನ ಹಾಗೆ ಅದೂ ಬುನಾದಿಯಲ್ಲೇ ಇರಬಹುದು ಎಂದು ವಾದಿಸಿದ್ದು ಸ್ವತಃಪಕ್ಷಕ್ಕೆ ತೀರಾ ಹತ್ತಿರ. ಇದಕ್ಕೆ ಬಹಳ ಮುಂಚೆ 1781ರಲ್ಲಿ ಇಮಾನ್ಯುಯೆಲ್ ಕಾಂಟ್ ದೇವರ ಸಾಧನೆಗಳನ್ನೆಲ್ಲ ಕೆಡವಿ, ನೈತಿಕ ಬದುಕಿನ ಅಗತ್ಯವಾಗಿ ಅವನನ್ನು ಬೇರೆ ಬಾಗಿಲಿನಿಂದ ಕರೆತಂದಿದ್ದ. ಕ್ಯಾಥೊಲಿಕ್ ಚರ್ಚಿನ ದಾರಿ ಬೇರೆಯಾಯಿತು. ಸೃಷ್ಟಿಯ ಆಧಾರದಿಂದ ಮಾನವಬುದ್ಧಿ ತನ್ನ ಸ್ವಂತ ಬೆಳಕಿನಲ್ಲಿ ದೇವರನ್ನು ನಿಶ್ಚಯವಾಗಿ ತಿಳಿಯಬಲ್ಲದು ಎಂಬುದನ್ನು 1870ರ ಮೊದಲ ವ್ಯಾಟಿಕನ್ ಸಭೆ ಧರ್ಮಸಿದ್ಧಾಂತವೆಂದೇ ಸಾರಿತು. ರಾಮಾನುಜರು ಕಾರಣ ಕೊಟ್ಟು ನಿರಾಕರಿಸಿದ್ದನ್ನು ಅಲ್ಲಿ ನಿರಾಕರಿಸುವುದೇ ದೋಷವಾಯಿತು.

ಪವಾಡ ಮತ್ತು ಪರೀಕ್ಷೆ

ತರ್ಕ ಬೇಡ, ಕಣ್ಣಿಗೇ ಕಾಣುವ ಸಾಕ್ಷ್ಯ ಇದೆಯಲ್ಲ ಎನ್ನುವವರು ತೋರಿಸುವುದು ಪವಾಡವನ್ನು. ಇದಕ್ಕೆ ಹಳೆಯ ಉತ್ತರ ಜೈನರದು. ಸಮಂತಭದ್ರಾಚಾರ್ಯ ಆಪ್ತಮೀಮಾಂಸೆಯನ್ನು ಆರಂಭಿಸುವುದೇ ತನ್ನ ತೀರ್ಥಂಕರನನ್ನು ಪ್ರಶ್ನಿಸುತ್ತ: ದೇವತೆಗಳು ಇಳಿದು ಬರುವುದು, ಆಕಾಶದಲ್ಲಿ ನಡೆಯುವುದು, ಚಾಮರದ ವೈಭವ ಇವೆಲ್ಲ ಮಾಯಾವಿಗಳಲ್ಲೂ ಕಾಣುತ್ತವೆ, ಇವುಗಳಿಂದ ನೀನು ನಮಗೆ ದೊಡ್ಡವನಲ್ಲ ಎಂಬ ಅರ್ಥದ ಮಾತಿನಿಂದ. ನಿರ್ದೋಷವಾದ, ಯುಕ್ತಿಗೆ ವಿರೋಧವಿಲ್ಲದ ಮಾತು ಆಡಿದ್ದರಿಂದ ಮಾತ್ರ ಆಪ್ತ ಎಂದು ಮುಂದೆ ನಿರ್ಣಯಿಸುತ್ತಾನೆ. ಅಕಲಂಕ, ವಿದ್ಯಾನಂದ ಈ ಗ್ರಂಥಕ್ಕೆ ವ್ಯಾಖ್ಯಾನ ಬರೆದರು. ಪೂಜಿಸುವ ಮುನ್ನ ಪರೀಕ್ಷಿಸಬೇಕೆಂಬುದನ್ನು ಸ್ತೋತ್ರದ ರೂಪದಲ್ಲೇ ಹೇಳಿದ ಎದೆಗಾರಿಕೆ ಇದು.

1976ರಲ್ಲಿ ಬೆಂಗಳೂರು ವಿಶ್ವವಿದ್ಯಾನಿಲಯದ ಕುಲಪತಿಯಾಗಿದ್ದ ಡಾ. ಎಚ್. ನರಸಿಂಹಯ್ಯ ಪವಾಡಗಳನ್ನೂ ಮೂಢನಂಬಿಕೆಗಳನ್ನೂ ವೈಜ್ಞಾನಿಕವಾಗಿ ಪರಿಶೀಲಿಸಲು ಸಮಿತಿಯೊಂದನ್ನು ರಚಿಸಿದರು. ಖಾದಿಯುಟ್ಟ ಗಾಂಧಿವಾದಿ, ಭೌತಶಾಸ್ತ್ರದ ಮೇಷ್ಟ್ರು, ಜೀವನವಿಡೀ ಹಾಸ್ಟೆಲಿನ ಕೋಣೆಯಲ್ಲಿ ಬಾಳಿದ ಬ್ರಹ್ಮಚಾರಿ ಅವರು. ಸಮಿತಿಯ ಮುಂದೆ ನಿಯಂತ್ರಿತ ಸ್ಥಿತಿಯಲ್ಲಿ ಪವಾಡ ತೋರಿಸಿಕೊಡಬೇಕೆಂದು ಸತ್ಯಸಾಯಿ ಬಾಬಾ ಅವರಿಗೆ ಬರೆದ ಪತ್ರಗಳು ನಾಡಿನಾದ್ಯಂತ ಚರ್ಚೆಯಾದವು, ಪರೀಕ್ಷೆ ನಡೆಯಲಿಲ್ಲ. 1995ರ ಸೆಪ್ಟೆಂಬರ್ 21ರಂದು ದೇಶದ ಗಣಪತಿ ವಿಗ್ರಹಗಳು ಹಾಲು ಕುಡಿಯುತ್ತಿವೆ ಎಂಬ ಸುದ್ದಿ ಹಬ್ಬಿದಾಗ ಪರೀಕ್ಷೆ ಸುಲಭವಾಯಿತು. ಹಾಲಿಗೆ ಬಣ್ಣ ಬೆರೆಸಿ ಚಮಚ ಹಿಡಿದರೆ ಅದು ಮೂರ್ತಿಯ ಮೇಲೆ ತೆಳುವಾಗಿ ಇಳಿದು ಹೋಗುವುದು ಕಾಣುತ್ತಿತ್ತು. ಹಾಲನ್ನು ಚಮಚದಿಂದ ಎಳೆದದ್ದು ಮೇಲ್ಮೈ ಸೆಳೆತ. ಇಂಥ ಪರೀಕ್ಷೆ ತೀರ್ಮಾನಿಸುವುದು ಆ ಒಂದು ಘಟನೆಯನ್ನು. ಮರುದಿನ ಬೆಳಿಗ್ಗೆ ಅದೇ ಗುಡಿಗಳಲ್ಲಿ ಪೂಜೆ ಎಂದಿನಂತೆ ನಡೆಯಿತು. ಹಾಲು ಕುಡಿಯುವನೆಂದು ಯಾರೂ ಗಣಪತಿಯನ್ನು ನಂಬಲು ತೊಡಗಿರಲಿಲ್ಲ.

ಆಧುನಿಕ ಕನ್ನಡದಲ್ಲಿ ಈ ವಿಷಯವನ್ನು ನೇರವಾಗಿ ಎತ್ತಿಕೊಂಡ ಪುಸ್ತಕ ಎ. ಎನ್. ಮೂರ್ತಿರಾಯರ ‘ದೇವರು’. ತೊಂಬತ್ತರ ಆಸುಪಾಸಿನ ವಯಸ್ಸಿನಲ್ಲಿ ಅವರು ಇದನ್ನು ಬರೆದರು. ಸರ್ವಶಕ್ತನೂ ದಯಾಮಯನೂ ಆದ ಕರ್ತೃ ಲೋಕದ ದುಃಖದೊಂದಿಗೆ ಹೊಂದುವುದಿಲ್ಲವೆಂಬ ಅವರ ವಾದ ಕುಮಾರಿಲನ ಪ್ರಶ್ನೆಯ ವಂಶದ್ದೇ. ಧಾಟಿ ಮಾತ್ರ ಜಗಲಿಯ ಮೇಲೆ ಕೂತು ಆಡಿದ ಮಾತಿನದು, ಯಾರ ಭಕ್ತಿಯನ್ನೂ ಹೀಯಾಳಿಸದ್ದು. ಶಿವರಾಮ ಕಾರಂತರ ‘ಮೂಕಜ್ಜಿಯ ಕನಸುಗಳು’ ಕಾದಂಬರಿಯಲ್ಲಿ ಇದೇ ಚರ್ಚೆ ಓದುಬರಹವಿಲ್ಲದ ಮುದುಕಿಯ ಬಾಯಲ್ಲಿದೆ.

ಪ್ರಮಾಣ ಎಂಬ ಪದಕ್ಕೂ ಕನ್ನಡದಲ್ಲಿ ಎರಡನೆಯ ಬಾಳು ಇದೆ. ಧರ್ಮಸ್ಥಳದಲ್ಲಿ ‘ಆಣೆ ಪ್ರಮಾಣ’ ಮಾಡುವವನು ದೇವರಿಗೆ ಸಾಕ್ಷ್ಯ ಹುಡುಕುವುದಿಲ್ಲ. ತನ್ನ ಮಾತಿಗೆ ದೇವರನ್ನೇ ಸಾಕ್ಷಿಯಾಗಿ ನಿಲ್ಲಿಸುತ್ತಾನೆ. ಸಂವಿಧಾನದ ಮೂರನೆಯ ಅನುಸೂಚಿ ಮಂತ್ರಿಗಳಿಗೂ ಶಾಸಕರಿಗೂ ಎರಡು ದಾರಿ ಇಟ್ಟಿದೆ: ದೇವರ ಹೆಸರಿನಲ್ಲಿ ಪ್ರಮಾಣ ಮಾಡಬಹುದು, ಆ ಹೆಸರೆತ್ತದೆ ದೃಢೀಕರಿಸಲೂಬಹುದು. ಎರಡರಲ್ಲಿ ಯಾವುದನ್ನು ಆರಿಸಿದರೂ ಕುರ್ಚಿಯ ಅಧಿಕಾರ ಒಂದೇ.